ಚುಕ್ಕಾಣಿ ಯಾರ ಕೈಯಲ್ಲಿತ್ತು?

ಸಿಂಧನೂರಿಗೆ ಸಮುದ್ರದ ಕೇಸು ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ, ಅವರ ತಲೆಗೆ ನಿಂಬೆಹಣ್ಣು ತಿಕ್ಕಿಸಿ ಎಂದು ನಾನೇ ಸಲಹೆ ಕೊಡುತ್ತಿದ್ದೆ. ನಮ್ಮ ಕಡೆ ನೀರೆಂದರೆ ಕಾಲುವೆಯ ನೀರು. ಬಂದರೆ ಭತ್ತ, ಬರದಿದ್ದರೆ ಜಗಳ. ಹಡಗು ಗಿಡಗು ಎಲ್ಲ ಟಿವಿಯಲ್ಲಿ ನೋಡಿ ಬಿಟ್ಟಿದ್ದು.

ನಾನು ಮಹಮ್ಮದಸಾಬ. ಬಸ್ ಸ್ಟ್ಯಾಂಡಿನ ಹತ್ತಿರ ಫೋಟೋ ಸ್ಟುಡಿಯೋ ಇಟ್ಟಿದ್ದೇನೆ. ಮದುವೆ ಫೋಟೋ ನನ್ನ ಹೊಟ್ಟೆಪಾಡು, ವಕೀಲೆ ಶೇಖರಮ್ಮನವರ ಹಿಂದೆ ಅಪಘಾತದ ಜಾಗಗಳಿಗೆ ಅಲೆಯುವುದು ನನ್ನ ಹಣೆಬರಹ. ಲಾರಿಗೆ ಟ್ರ್ಯಾಕ್ಟರ್, ಟ್ರ್ಯಾಕ್ಟರಿಗೆ ಬೈಕು, ಬೈಕಿಗೆ ಎಮ್ಮೆ ಗುದ್ದಿದ ಕೇಸುಗಳಲ್ಲಿ ತಪ್ಪು ಯಾರದು ಎಂದು ಪತ್ತೆ ಹಚ್ಚುವುದರಲ್ಲಿ ಅವರ ಕೂದಲು ಬೆಳ್ಳಗಾಗಿದೆ. ಅವರು ಹೇಳಿದ ಕಡೆ ಕ್ಯಾಮೆರಾ ಹಿಡಿಯುವುದರಲ್ಲಿ ನನ್ನದು ಉದುರಿದೆ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಎದುರಿಗೆ ತಟ್ಟೆಯಲ್ಲಿ ಮಂಡಾಳ ಒಗ್ಗರಣೆ ಎಂಬ ಮಂಡಕ್ಕಿ ತಿಂಡಿ, ಮಿರ್ಚಿ ಬಜ್ಜಿ. ಇಷ್ಟಿದ್ದರೆ ಶೇಖರಮ್ಮನವರು ಲೋಕವನ್ನೇ ವಿಚಾರಣೆ ಮಾಡುತ್ತಾರೆ.

ಆ ದಿನ ಮುಂಜಾನೆ ಮೊದಲ ಮಿರ್ಚಿ ಮುರಿಯುತ್ತಿದ್ದಾಗಲೇ ಮಸ್ಕಿಯಿಂದ ಗಾಳೆಮ್ಮ ಬಂದರು. ಸರಕಾರಿ ಶಾಲೆಯ ಟೀಚರು. ಇಸ್ತ್ರಿ ಮಾಡಿದ ಸೀರೆ, ಆದರೆ ಕಣ್ಣು ನೋಡಿದರೆ ಎಷ್ಟೋ ದಿನದಿಂದ ನಿದ್ದೆ ಇಲ್ಲದಂತಿತ್ತು.

"ಅಕ್ಕಾರ, ನನ್ನ ಮಗ ಮಲ್ಲೇಶನ್ನ ಉಳಿಸಿಕೊಡ್ರಿ," ಎಂದರು. "ನೌಕಾಪಡೆಯಾಗ ಅದಾನ. ಹೋದ ತಿಂಗಳ ಅವರ ಹಡಗು ಹೋಗಿ ಒಂದು ಸರಕಿನ ಹಡಗಿಗೆ ಗುದ್ದೈತ್ರಿ. ಆವಾಗ ಚುಕ್ಕಾಣಿ ಹಿಡಿದಾವ ಇವನ. ಕೆಳಗ ಮಲಗಿದ್ದ ಬಿಜು ಅನ್ನೋ ಹುಡುಗ ಸತ್ತಾನ. ಸೋಮವಾರ ವಿಚಾರಣೆ ಐತಿ. ಅಲ್ಲಿ ಹೋಗಿ 'ತಪ್ಪು ನಂದೇ' ಅಂತ ಹೇಳ್ತಾನಂತ. ಹೇಳಿದ್ರ ನೌಕರಿ ಹೋಗತೈತಿ, ಜೈಲೂ ಆಗತೈತಿ."

"ತಪ್ಪು ಅವಂದೇ ಇದ್ರ ನಾ ಏನು ಮಾಡ್ಲಿ, ಗಾಳೆಮ್ಮ?"

"ಅವಂದು ಹೌದೋ ಅಲ್ಲೋ ಅನ್ನೋದ ಅವನಿಗೇ ಗೊತ್ತಿಲ್ರಿ! ಬಲಕ್ಕ ತಿರುವಿದ್ದೆ ಅಂತಾನ. ಹಡಗು ಎಡಕ್ಕ ಹೋಗೈತಿ. ಹಂಗಾದ್ರ ನಾನ ಎಡಕ್ಕ ತಿರುವಿರಬೇಕು ಬೇ ಅಂತಾನ. ವಿಚಾರಣೆ ತನಕ ರಜೆ ಕೊಟ್ಟು ಮನಿಗೆ ಕಳಿಸ್ಯಾರ, ಬೈಕ್ ಮುಟ್ಟಂಗಿಲ್ಲ. ತನ್ನ ಕೈ ತಾನ ನೋಡ್ಕೊಂತ ಕುಂದರ್ತಾನ."

ಆ ತಾಯಿ ಅತ್ತಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಅಳಲಿಲ್ಲ. ಶೇಖರಮ್ಮನವರು ಅರ್ಧ ಮಿರ್ಚಿ ತಟ್ಟೆಯಲ್ಲೇ ಬಿಟ್ಟು ಎದ್ದರು. ಅವರು ಮಿರ್ಚಿ ಬಿಟ್ಟು ಎದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಸಾಬ್ರ, ಕ್ಯಾಮೆರಾ ತಗೋರಿ," ಎಂದರು.

"ಎಲ್ಲಿಗ್ರಿ? ಸಮುದ್ರಕ್ಕೇನು?"

"ಮಸ್ಕಿಗೆ. ಸಮುದ್ರ ಅಲ್ಲೇ ಬಂದು ಕುಂತೈತಲ್ಲ."

ಮಸ್ಕಿಯ ಮನೆಯಲ್ಲಿ ಮಲ್ಲೇಶ ಗೋಡೆಗೆ ಒರಗಿ ಕುಳಿತಿದ್ದ. ಗಟ್ಟಿಮುಟ್ಟಾದ ಹುಡುಗ, ಆದರೆ ನಮಗೆ ನೀರಿನ ತಂಬಿಗೆ ಕೊಡುವಾಗ ಅರ್ಧ ನೀರನ್ನು ನನ್ನ ಪೈಜಾಮದ ಮೇಲೆ ಚೆಲ್ಲಿದ. ಶೇಖರಮ್ಮನವರು ಅಡುಗೆಮನೆಯಿಂದ ತಟ್ಟೆ, ಬಟ್ಟಲು ತರಿಸಿ ನೆಲದ ಮೇಲೆ ಹರಡಿದರು.

"ಇದು ನಿಮ್ಮ ಹಡಗಿನ ಮ್ಯಾಲಿನ ಕೋಣಿ ಅಂತ ತಿಳ್ಕೊ. ಯಾರು ಎಲ್ಲಿದ್ರಿ, ಇಟ್ಟು ತೋರಿಸು."

ಅವನು ಒಂದು ತಟ್ಟೆಯನ್ನು ತನ್ನ ಮುಂದೆ ಇಟ್ಟ. ಅದರ ಮಗ್ಗುಲಿಗೇ ಇನ್ನೊಂದು. "ಇವು ಎರಡು ಮೇಜುರಿ. ಎರಡರ ಮ್ಯಾಲೂ ಒಂದೊಂದು ಸಣ್ಣ ಚಕ್ರ, ಒಂದೊಂದು ವೇಗದ ಹಿಡಿಕಿ, ಒಂದೊಂದು ಗಾಜಿನ ಪರದೆ ಇರ್ತಾವ. ಪರದೆ ಒತ್ತಿ ಯಾವ ಮೇಜಿಗೆ ಕೊಡ್ತೀವೋ ಆ ಮೇಜಿನ ಮಾತು ಹಡಗು ಕೇಳತೈತಿ. ಅವತ್ತು ಚಕ್ರಾನೂ ವೇಗಾನೂ ಎರಡೂ ನನ್ನ ಮೇಜಿನ ಮ್ಯಾಲೇ ಇದ್ವು."

"ಮಗ್ಗಲ ಮೇಜಿನ್ಯಾಗ ಯಾರಿದ್ರು?"

"ಯಾರೂ ಇರ್ಲಿಲ್ರಿ. ಮಂದಿ ಕಡಿಮಿ ಇದ್ರು. ಪಾಳಿ ನೋಡ್ಕೊಳ್ಳೋ ಅಧಿಕಾರಿ ಸಾಹೇಬ್ರು ಇಲ್ಲಿ ರೇಡಾರಿನ ಮ್ಯಾಲೆ ಬಗ್ಗಿದ್ರು." ಒಂದು ಬಟ್ಟಲು ಹಿಂದೆ ಇಟ್ಟ. "ಗುರುಬಸವಣ್ಣ ಎಡಗಡೆ ಬಾಗಿಲಿನ್ಯಾಗ ದುರ್ಬೀನು ಹಿಡಿದು ನಿಂತಿದ್ದ." ಇನ್ನೊಂದು ಬಟ್ಟಲನ್ನು ದೂರ ಇಟ್ಟ.

ಗುರುಬಸವ ಲಿಂಗಸುಗೂರಿನವನು, ಅದೇ ಹಡಗಿನಲ್ಲಿ ಹಿರಿಯ ನಾವಿಕ, ಈಗ ಅವನೂ ರಜೆಯಲ್ಲಿ ಊರಿಗೆ ಬಂದಿದ್ದ. ರಜೆಗೆ ಬಂದಾಗ ಲಿಂಗಸುಗೂರಿನ ಮೈದಾನದಲ್ಲಿ ಭರ್ತಿಗೆ ಓಡುವ ಹುಡುಗರನ್ನು ತಯಾರು ಮಾಡುತ್ತಿದ್ದವನು. ಮಲ್ಲೇಶನನ್ನು ನೌಕಾಪಡೆಗೆ ಸೇರಿಸಿದ್ದೂ ಅವನೇ, ತನ್ನ ಹೊಲದಲ್ಲಿ ಕೂರಿಸಿ ಟ್ರ್ಯಾಕ್ಟರ್ ಕಲಿಸಿದ್ದೂ ಅವನೇ. ಅಣ್ಣ ಎನ್ನುವಾಗ ಹುಡುಗನ ಮುಖ ಸ್ವಲ್ಪ ಬೆಳಗಿತು.

"ಬೆಳಕು ಹರಿಯೋ ಹೊತ್ತುರಿ," ಮಲ್ಲೇಶ ಮುಂದುವರಿಸಿದ. "ಬಂದರಿನ ಬಾಯಾಗ ಮಂಜು ಹಾಕಿತ್ತು. ನೀರು ಹಡಗನ್ನ ಎಡಕ್ಕ ಜಗ್ಗಾಕತ್ತಿತ್ತು. ಅದಕ್ಕ ನಾ ಚಕ್ರ ಸದಾ ಒಂಚೂರು ಬಲಕ್ಕ ಹಿಡಿದಿದ್ದೆ. ಇದ್ದಕ್ಕಿದ್ದಂಗ ಹಡಗು ಎಡಕ್ಕ ಸರೀತು. ಸಾಹೇಬ್ರು 'ಎದುರಿಗೆ ಹಡಗು, ಬಲಕ್ಕ ತಿರುವು' ಅಂದ್ರು. ಎರಡೂ ಕೈಲೆ ಪೂರಾ ಬಲಕ್ಕ ತಿರುವಿದೆ. ಕೇಳಲಿಲ್ಲ. 'ಚುಕ್ಕಾಣಿ ಕೇಳಾಕತ್ತಿಲ್ಲ' ಅಂತ ಚೀರಿದೆ. ಸಾಹೇಬ್ರು ಹಿಂದಿನ ತುರ್ತು ಚುಕ್ಕಾಣಿ ಕೋಣಿಗೆ ಹೇಳಿದ್ರು. ಅಲ್ಲಿಯವ್ರು ತಿರುವಿದ ಕೂಡ್ಲೆ ಹಡಗು ಬಲಕ್ಕ ಬಂತು. ಆದ್ರ ಅಷ್ಟರಾಗ…"

ಗಾಳೆಮ್ಮ ಬಾಗಿಲ ಕಡೆ ಮುಖ ತಿರುಗಿಸಿದರು. ಮಲ್ಲೇಶ ತನ್ನ ಮುಂದಿನ ತಟ್ಟೆಯನ್ನು ಹಿಂದಕ್ಕೆ ಸರಿಸಿದ.

"ಮಷೀನು ಚೆಕ್ ಮಾಡ್ಯಾರ್ರಿ. ಎಲ್ಲಾ ಸರಿ ಐತಿ. ಗುದ್ದಿದ ಮ್ಯಾಲೆ ಕರೆಂಟು ಹೋಗಿ ಪರದಿಗಳ ನೆನಪು ಅಳಿಸಿತ್ತಂತ, ಅಷ್ಟೇ. ಮಷೀನು ಸರಿ ಐತಿ ಅಂದ್ರ ತಪ್ಪು ಮನುಷ್ಯಾಂದೇ ಅಲ್ರಿ? ಚಕ್ರ ನನ್ನ ಕೈಯಾಗ ಇತ್ತು. ಬಿಜು ನನ್ನ ದೋಸ್ತ ಇದ್ದ. ಹಿಂದಿನ ದಿನ ನನ್ನ ತಾಟಿನ್ಯಾಗಿನ ಚಪಾತಿ ಕಿತ್ಕೊಂಡು ತಿಂದಿದ್ದ."

ಶೇಖರಮ್ಮನವರು ಅವನ ಭುಜದ ಮೇಲೆ ಕೈಯಿಟ್ಟು ತಡೆದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು, "ಎರಡೂ ಕೈಲೆ ಚಕ್ರ ತಿರುವಿದಿ ಅಂದಿ. ಹಂಗಾದ್ರ ವೇಗದ ಹಿಡಿಕಿ ಯಾರ ಕೈಯಾಗ ಇತ್ತು?"

ಮಲ್ಲೇಶ ತನ್ನ ಎರಡೂ ಕೈ ನೋಡಿಕೊಂಡ. "ಅದನ್ನ… ಅದನ್ನ ನಾ ಅದಕ್ಕಿಂತ ಮುಂಚೇನ ಬಿಟ್ಟಿದ್ದೆರಿ."

"ಯಾಕ ಬಿಟ್ಟಿ? ಯಾರರ ಬಿಡು ಅಂದ್ರೇನು?"

"ಇಲ್ರಿ. ಯಾಕ ಬಿಟ್ಟೆ ಗೊತ್ತಿಲ್ರಿ. ಕಣ್ಣು ಮಂಜಿನ್ಯಾಗ ಇತ್ತು. ಯಾರೂ ಏನೂ ಅಂದಿಲ್ರಿ."

ನನಗೆ ತಲೆ ಬುಡ ಒಂದೂ ತಿಳಿಯಲಿಲ್ಲ. ಚಕ್ರದ ಮಾತಾಡುತ್ತಿರುವಾಗ ಈ ಹಿಡಿಕೆಯ ಉಸಾಬರಿ ಯಾಕೆ? ಆದರೆ ಶೇಖರಮ್ಮನವರು ಯಾರಿಗೆ ಎಲ್ಲಿ ಗಾಯವಾಯಿತು ಎಂದು ಕೇಳತೊಡಗಿದರು. ಮಲ್ಲೇಶ ಅಂಗಿ ಸರಿಸಿದ. ಎದೆಯ ಮೇಲೆ ಚಕ್ರದ ಅಂಚಿನ ಗುರುತು ಹಳದಿಯಾಗಿ ಇನ್ನೂ ಉಳಿದಿತ್ತು. ಸಾಹೇಬರ ಹಣೆ ರೇಡಾರಿಗೆ ಬಡಿದು ಒಡೆದಿತ್ತಂತೆ. ಗುರುಬಸವನಿಗೆ ಬಲಗೈಯ ಹೆಬ್ಬೆರಳು.

"ಒಪ್ಪಿಕೋ ಅಂತ ನಿನಗ ಯಾರು ಹೇಳಿದ್ರು?"

"ಗುರುಬಸವಣ್ಣರಿ. ಸಣ್ಣವ ಅದಿ, ತಾನಾಗೇ ಒಪ್ಪಿಕೊಂಡ್ರ ಶಿಕ್ಷೆ ಕಡಿಮಿ ಮಾಡ್ತಾರ, ನಾ ನಿನ್ನ ಪರ ಮಾತಾಡ್ತೀನಿ ಅಂದಾನ. ನನ್ನ ಚಿಂತಿಯಾಗ ಅವನೂ ಸೊರಗ್ಯಾನ್ರಿ."

ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಕಾರು ಓಡಿಸುತ್ತ ನಾನು ಕೇಸನ್ನು ಬಿಡಿಸಿಯೇ ಬಿಟ್ಟೆ. "ಅಕ್ಕಾರ, ಕಳ್ಳ ಆ ಸಾಹೇಬ. ರೇಡಾರು ನೋಡಾಕತ್ತಿದ್ದೆ ಅಂತಾನ, ಹಂಗಾದ್ರ ಅಷ್ಟು ದೊಡ್ಡ ಹಡಗು ಕಾಣಲಿಲ್ಲೇನು?"

"ಕಂಡೈತಿ. ಬಲಕ್ಕ ತಿರುವು ಅಂತ ಹೇಳ್ಯಾನ. ಮಲ್ಲೇಶ ತಿರುವ್ಯಾನ."

"ಹಂಗಾದ್ರ ಸರಕಿನ ಹಡಗಿನವ್ರು."

"ಅವ್ರು ತಮ್ಮ ಹಾದಿ ಬಿಟ್ಟಿಲ್ಲ. ಇವ್ರು ಬಲಕ್ಕ ಹೋಗ್ತಾರ ಅಂತ ನಂಬಿದ್ರು."

"ಮಷೀನು ಕೆಟ್ಟಿತ್ತು, ಆಮ್ಯಾಲೆ ತಾನ ಸರಿ ಆತು!"

"ನಿಮ್ಮ ಕಾರು ಹಂಗ ಮಾಡತೈತೇನು?"

ನನ್ನ ಕಾರು ಹಾಗೆಯೇ ಮಾಡುತ್ತದೆ, ಆದರೆ ಅದನ್ನು ಒಪ್ಪಿಕೊಳ್ಳುವುದು ಮರ್ಯಾದೆಯ ಪ್ರಶ್ನೆ. ಒಂದು ಹಂತದಲ್ಲಿ, ಟೀಚರಮ್ಮ ಏನಾದರೂ ಮುಚ್ಚಿಡುತ್ತಿದ್ದಾರೆಯೇ ಎಂದು ಕೂಡ ಯೋಚಿಸಿದೆ. ಅಷ್ಟು ಗೊಂದಲವಾಗಿತ್ತು ನನಗೆ.

ಗುರುಬಸವನದು ಹೊಲಮನೆ ಇದ್ದ ಅನುಕೂಲಸ್ಥ ಮನೆತನ. ಅಂಗಳದಲ್ಲಿ ಟ್ರ್ಯಾಕ್ಟರ್, ಪಡಸಾಲೆಯಲ್ಲಿ ಬಿಳಿ ಸಮವಸ್ತ್ರದಲ್ಲಿ ನಿಂತ ಅವನ ದೊಡ್ಡ ಫೋಟೋ. ಲೈಟಿಂಗ್ ಸರಿಯಿಲ್ಲದ ಫೋಟೋ, ಬೇರೆ ಸ್ಟುಡಿಯೋದವರು ತೆಗೆದದ್ದು. ಅವನೇ ಬಾಗಿಲಿಗೆ ಬಂದು ಕರೆದ. ಎತ್ತರದ ಆಳು, ಮಾತು ಮೃದು, ಬಲಗೈ ಹೆಬ್ಬೆರಳಿಗೆ ಬ್ಯಾಂಡೇಜು. ಒಗ್ಗರಣೆ, ಮಿರ್ಚಿ ಬಂದವು. ನಾವು ಕೈಯಲ್ಲಿ ತಿಂದೆವು, ಅವನು ಎಡಗೈಯಲ್ಲಿ ಚಮಚ ಹಿಡಿದು ತಿಂದ.

"ನೀ ಎಲ್ಲಿ ನಿಂತಿದ್ದಿ, ತಮ್ಮಾ?" ಎಂದು ಕೇಳಿದರು ಶೇಖರಮ್ಮನವರು.

"ಎಡಗಡೆ ಬಾಗಿಲಿನ್ಯಾಗ್ರಿ, ಅಮ್ಮಾರ. ದುರ್ಬೀನು ಹಿಡಿದು ಹೊರಗ ನೋಡಾಕತ್ತಿದ್ದೆ. ಮಲ್ಲೇಶ ಚೀರಿದ ಮ್ಯಾಲೆ ಹೊಳ್ಳಿ ನೋಡಿದೆ."

"ಹೆಬ್ಬೆರಳು?"

"ಗುದ್ದಿದಾಗ ಕಬ್ಬಿಣದ ಬಾಗಿಲು ಬಂದು ಬಡೀತ್ರಿ."

"ಬ್ಯಾಂಡೇಜು ಸಡಲೇತಿ ನೋಡು. ತಾ ಇಲ್ಲಿ, ಸರಿ ಮಾಡ್ತೀನಿ." ತಾಯಿ ಹಿಡಿದಂತೆ ಕೈ ಹಿಡಿದು ಬ್ಯಾಂಡೇಜು ಬಿಚ್ಚಿ ಮತ್ತೆ ಸುತ್ತಿದರು. ನಾನು ಇಣುಕಿ ನೋಡಿದೆ. ಉಗುರು ಚೊಕ್ಕ ಇತ್ತು, ಚರ್ಮಕ್ಕೆ ಗೀರು ಕೂಡ ಇರಲಿಲ್ಲ. ಹೆಬ್ಬೆರಳ ಬುಡ ಮಾತ್ರ ಊದಿಕೊಂಡಿತ್ತು, ಹಿಂದಕ್ಕೆ ಸ್ವಲ್ಪ ಸರಿಸಿದರೂ ಅವನು ಹಲ್ಲು ಕಚ್ಚುತ್ತಿದ್ದ.

"ಮಲ್ಲೇಶ ಹೆಂಗದಾನ್ರಿ?" ಎಂದು ಅವನು ಕೇಳಿದ. ಕಣ್ಣಲ್ಲಿ ನೀರಿತ್ತು. ಅದು ಸುಳ್ಳು ನೀರಲ್ಲ. ಎಷ್ಟೋ ಮದುವೆಗಳಲ್ಲಿ ಎರಡೂ ಬಗೆಯ ನೀರನ್ನು ಕ್ಯಾಮೆರಾದಲ್ಲಿ ಹಿಡಿದವನು ನಾನು. ಇಂಥ ಒಳ್ಳೆಯ ಮನುಷ್ಯನನ್ನು ಬಿಟ್ಟು ಬೇರೆ ಯಾರನ್ನು ಹಿಡಿಯಬೇಕೆಂದು ನಾನು ಲೆಕ್ಕ ಹಾಕುತ್ತಿದ್ದೆ.

"ನಾಳೆ ಮುಂಜಾನೆ ನೀನ ಬಂದು ನೋಡು," ಎಂದರು ಶೇಖರಮ್ಮನವರು. "ಮುಕ್ಕುಂದದಾಗ ನಮ್ಮ ಹೊಲ ಐತಿ. ಅವನನ್ನೂ ಅವರವ್ವನನ್ನೂ ಕರಸ್ತೀನಿ. ಸೋಮವಾರ ಏನು ಹೇಳಬೇಕು ಅಂತ ಕುಂತು ಮಾತಾಡೋಣು."

ಮರುದಿನ ಮುಕ್ಕುಂದದಲ್ಲಿ ಮಾತಿಗಿಂತ ಮೊದಲು ಕೆಲಸ ಕಾದಿತ್ತು. ಭತ್ತದ ಚೀಲ ತುಂಬಿದ ಟ್ರೇಲರ್ ಕಟ್ಟಿಕೊಂಡು ಟ್ರ್ಯಾಕ್ಟರ್ ಕಾಲುವೆಯ ಏರಿಯ ಮೇಲೆ ನಿಂತಿತ್ತು. ಶೇಖರಮ್ಮನವರ ಡ್ರೈವರ್ ಇಮಾಮ್‌ಸಾಬ್ ಕಾಣಲಿಲ್ಲ. ನಂತರ ತಿಳಿಯಿತು, ಅವನಿಗೆ ಒಂದು ದಿನದ ಮಟ್ಟಿಗೆ ಎಲ್ಲಾದರೂ ಅಡಗಿಕೊಂಡಿರು ಎಂದು ಅವರೇ ಹೇಳಿದ್ದರಂತೆ.

"ಮಲ್ಲೇಶ, ಒಂದೀಟು ಶೆಡ್ಡಿನ ತನಕ ಹೊಡಕೊಂಡು ಬಾ," ಎಂದರು.

"ಬ್ಯಾಡ್ರಿ ಅಮ್ಮಾರ. ನನ್ನ ಕೈ ಸರಿ ಇಲ್ರಿ." ಅವನು ಹಿಂದೆ ಸರಿದ. "ಮತ್ತ ಯಾರನ್ನರ ಕೊಲ್ತೀನಿ."

ಗಾಳೆಮ್ಮ ಮುಂದೆ ಬಂದು ಮಗನ ಎರಡೂ ಕೈ ಹಿಡಿದರು. "ಈ ಕೈಗೆ ಅಕ್ಷರ ತಿದ್ದಿಸಿದಾಕಿ ನಾ. ಹತ್ತು."

ಅವನು ಹತ್ತಿದ. ಯಾರೂ ಹೇಳದೆಯೇ ಗುರುಬಸವ ಹೋಗಿ ಬಲಗಡೆ ಚಕ್ರದ ಮೇಲಿನ ಮಡ್‌ಗಾರ್ಡಿನ ಮೇಲೆ ಕುಳಿತ. ನಮ್ಮ ಕಡೆ ಟ್ರ್ಯಾಕ್ಟರ್ ಕಲಿಯುವುದೇ ಹಾಗೆ: ಹುಡುಗ ಸೀಟಿನಲ್ಲಿ, ಕಲಿಸುವವನು ಮಡ್‌ಗಾರ್ಡಿನ ಮೇಲೆ. ನನಗೆ ಮುಂದೆ ನಿಂತು ವಿಡಿಯೋ ಮಾಡಲು ಅಪ್ಪಣೆಯಾಯಿತು.

ಟ್ರ್ಯಾಕ್ಟರ್ ಹೊರಟಿತು. ಏರಿ ಕಿರಿದು, ಒಂದು ಕಡೆ ತುಂಬಿದ ಕಾಲುವೆ, ಇನ್ನೊಂದು ಕಡೆ ಗದ್ದೆ. ಅರ್ಧ ದಾರಿಯಲ್ಲಿ ಎದುರಿನಿಂದ ಎಮ್ಮೆಗಳ ಹಿಂಡು ಬಂತು. ಹಿಂಡು ಅಂದರೆ ಹಿಂಡು, ನಾನೇ ಗದ್ದೆಗೆ ಹಾರಬೇಕಾಯಿತು. ಮಲ್ಲೇಶನ ಹಣೆಯಲ್ಲಿ ಬೆವರು ಒಡೆಯಿತು, ಆದರೆ ಸ್ಟೇರಿಂಗನ್ನು ಹದವಾಗಿ ತಿರುಗಿಸಿದ, ವೇಗ ಇಳಿಯಿತು, ಎಮ್ಮೆಗಳು ಒಂದೊಂದಾಗಿ ಉಜ್ಜಿಕೊಂಡು ದಾಟಿ ಹೋದವು. ಟ್ರ್ಯಾಕ್ಟರ್ ಕ್ಷೇಮವಾಗಿ ಶೆಡ್ಡು ಮುಟ್ಟಿತು. ನನ್ನ ಮೊಣಕಾಲವರೆಗೆ ಕೆಸರು.

"ಸಿಕ್ಕಿತೇನ್ರಿ ಸಾಬ್ರ?" ಎಂದರು ಶೇಖರಮ್ಮನವರು.

"ಎಮ್ಮಿ ಸಿಕ್ಕಾವ್ರಿ," ಎಂದೆ ಸಿಟ್ಟಿನಿಂದ. ಖರೇ ಹೇಳಬೇಕೆಂದರೆ ಆಗ ನನಗೆ ಎಮ್ಮೆ ಬಿಟ್ಟು ಬೇರೇನೂ ಕಾಣಿಸಿರಲಿಲ್ಲ.

ಶೆಡ್ಡಿನೊಳಗೆ ಭತ್ತದ ಚೀಲಗಳ ಮೇಲೆ ಎಲ್ಲರೂ ಕುಳಿತೆವು. ಗಾಳೆಮ್ಮನ ಮಗ್ಗುಲಿಗೆ ಮಲ್ಲೇಶ, ಎದುರಿಗೆ ಗುರುಬಸವ. ಶೇಖರಮ್ಮನವರು ನನ್ನ ಕ್ಯಾಮೆರಾ ತೆಗೆದುಕೊಂಡು ಗುರುಬಸವನ ಕೈಗೆ ಕೊಟ್ಟರು.

"ಎಮ್ಮಿ ಬಂದಾಗ ನೀ ಏನು ಮಾಡಿದಿ?"

"ನಾ ಏನೂ ಮಾಡ್ಲಿಲ್ರಿ. ಸುಮ್ಮ ಕುಂತಿದ್ದೆ. ಓಡಿಸಿದಾವ ಅವ."

"ನೀ ಏನು ಮಾಡಿದಿ, ಮಲ್ಲೇಶ? ವೇಗ ಯಾರು ಇಳಿಸಿದ್ರು?"

"ನಾನರಿ… ನಾನ ಇರಬೇಕು."

"ನೋಡ್ರಿ ಇಬ್ರೂ."

ನಾನೂ ಬಗ್ಗಿ ನೋಡಿದೆ. ಪುಟ್ಟ ಪರದೆಯ ಮೇಲೆ ಎಮ್ಮೆಗಳು ಬಂದವು. ಮಲ್ಲೇಶನ ಒಂದು ಕೈ ಸ್ಟೇರಿಂಗ್ ಮೇಲೆ, ಇನ್ನೊಂದು ಕೈ ಅದರ ಕೆಳಗಿನ ಕೈ ಆಕ್ಸಿಲರೇಟರ್ ಮೇಲೆ. ಅಷ್ಟರಲ್ಲಿ ಮಡ್‌ಗಾರ್ಡಿನ ಕಡೆಯಿಂದ ಗುರುಬಸವನ ಎಡಗೈ ಬಂತು. ಅದು ಬಂದ ಕೂಡಲೇ ಮಲ್ಲೇಶನ ಕೈ ತಾನಾಗಿಯೇ ಎದ್ದು ಸ್ಟೇರಿಂಗಿಗೆ ಹೋಯಿತು. ಗುರುಬಸವ ಆಕ್ಸಿಲರೇಟರ್ ಇಳಿಸಿದ. ಇಬ್ಬರೂ ತುಟಿ ಬಿಚ್ಚಲಿಲ್ಲ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರ ಕಣ್ಣೂ ಎಮ್ಮೆಗಳ ಮೇಲೆಯೇ ಇದ್ದವು.

ಯಾ ಅಲ್ಲಾ! ಆದರೂ ಪೂರ್ತಿ ಅರ್ಥವಾಗಿರಲಿಲ್ಲ. ಗುರುಬಸವನ ಮುಖ ಮಾತ್ರ ಬಿಳುಚಿಕೊಂಡಿತು.

"ಅಕ್ಕಾರ, ನನಗ ಬಿಡಿಸಿ ಹೇಳ್ರಿ," ಎಂದೆ. "ನನ್ನ ತಲಿ ಗೊಬ್ಬರ ಆಗೇತಿ."

"ನಮ್ಮ ಕೋರ್ಟಿಗೆ ಬರೋ ಕೇಸಿನ್ಯಾಗ ಮೊದಲನೇ ಸುಳ್ಳು ಯಾವುದ್ರಿ ಸಾಬ್ರ?" ಎಂದು ಅವರು ಶುರುಮಾಡಿದರು. "ಗುದ್ದಿದ ಮ್ಯಾಲೆ ಡ್ರೈವರ್ ಬದಲಾಗ್ತಾನ. ಲೈಸೆನ್ಸ್ ಇಲ್ಲದಾವ ಓಡಿಸಿರ್ತಾನ, ಲೈಸೆನ್ಸ್ ಇದ್ದಾವ 'ನಾನ ಓಡಿಸಿದ್ದೆ' ಅಂತಾನ. ಅದನ್ನ ನಾ ಹಿಡಿಯೋದು ಗಾಯದಿಂದ. ಚಕ್ರ ಹಿಡಿದಾವಗ ಎದಿಗೆ ಪೆಟ್ಟು ಬೀಳತೈತಿ. ಮಲ್ಲೇಶನ ಎದಿ ಸಾಕ್ಷಿ ಹೇಳ್ತು: ಗುದ್ದೋ ಹೊತ್ತಿಗೆ ಅವ ಚಕ್ರ ಬಿಟ್ಟು ಓಡಿಲ್ಲ. ಇನ್ನ ಹೆಬ್ಬೆರಳು. ಬಾಗಿಲು ಬಡಿದ್ರ ಉಗುರು ಕಪ್ಪಾಗತೈತಿ, ಚರ್ಮ ಹರೀತೈತಿ. ಗುರುಬಸವನ ಉಗುರು ಚೊಕ್ಕ ಐತಿ. ಹೆಬ್ಬೆರಳ ಬುಡ ಹಿಂದಕ್ಕ ಹೊಳ್ಳೇತಿ. ಅದು ಆಗೋದು ಹಿಡಿಕಿ ಬಿಗಿಯಾಗಿ ಹಿಡಿದು ನಿಂತಾವಗ, ಮೈ ಮುಂದಕ್ಕ ಜೋಲಿ ಹೊಡೆದಾಗ. ಬಾಗಿಲಿನ್ಯಾಗ ದುರ್ಬೀನು ಹಿಡಿದಾವನ ಕೈಯಾಗ ಹಿಡಿಕಿ ಎಲ್ಲಿಂದ ಬಂತು?"

ಶೇಖರಮ್ಮನವರು ಎರಡು ಬೆರಳು ಎತ್ತಿದರು.

"ಆ ಕೋಣ್ಯಾಗ ಹಿಡಿಕಿ ಇದ್ದದ್ದು ಎರಡ. ಒಂದು ಮಲ್ಲೇಶನ ಮೇಜಿನ್ಯಾಗ, ಒಂದು ಮಗ್ಗಲ ಮೇಜಿನ್ಯಾಗ. ಮಲ್ಲೇಶ ವೇಗದ ಹಿಡಿಕಿ ಬಿಟ್ಟಿದ್ದ, ಯಾಕ ಅಂತ ಗೊತ್ತಿರಲಿಲ್ಲ. ಗೊತ್ತಿರಾಕ ಸಾಧ್ಯ ಇಲ್ಲ. ಮಗ್ಗಲಕ್ಕ ಅಣ್ಣನ ಕೈ ಬಂದ್ರ ಬಿಟ್ಟುಬಿಡೋದು ಅವನ ಮೈಗೆ ಹತ್ತಿದ ರೂಢಿ. ಅವನಿಗೆ ಭಾರ ಆಗಾಕತ್ತೈತಿ ಅಂತ ಕಂಡ್ರ ಕೈ ಹಾಕಿಬಿಡೋದು ಇವನ ರೂಢಿ. ಟ್ರ್ಯಾಕ್ಟರಿನ್ಯಾಗ ಅದು ಪ್ರೀತಿ. ಹಡಗಿನ್ಯಾಗ, ತಗೊಳ್ಳಾವ 'ತಗೊಂಡೆ' ಅನಬೇಕು, ಕೊಡಾವ 'ಕೊಟ್ಟೆ' ಅನಬೇಕು. ಹೌದಿಲ್ಲೋ ಮಲ್ಲೇಶ?"

"ಹೌದ್ರಿ," ಎಂದ ಮಲ್ಲೇಶ. ಧ್ವನಿ ಹೊರಗೇ ಬರಲಿಲ್ಲ. "ಗಟ್ಟಿಯಾಗಿ ಹೇಳಬೇಕ್ರಿ. ಅದ ಮೊದಲನೇ ಪಾಠ."

"ಗುರುಬಸವ ಬಾಗಿಲು ಬಿಟ್ಟು ಮಗ್ಗಲ ಮೇಜಿಗೆ ಬಂದ. ಪರದೆ ಒತ್ತಿ ವೇಗ ತನ್ನ ಕಡೆ ತಗೊಂಡ. ಆದ್ರ ವೇಗದ ಕೂಡ ಚುಕ್ಕಾಣಿನೂ ಅವನ ಮೇಜಿಗೆ ಹೋತು. ಅವನ ಮೇಜಿನ ಚಕ್ರ ನೆಟ್ಟಗ ನಿಂತಿತ್ತು, ಅದನ್ನ ಯಾರೂ ಹಿಡಿದಿಲ್ಲ. ನೀರು ಎಡಕ್ಕ ಜಗ್ಗಾಕತ್ತಿತ್ತು, ಹಡಗು ಎಡಕ್ಕ ಹೋತು. ಮಲ್ಲೇಶ ತಿರುವಿದ್ದು ಬಲಕ್ಕ, ಖರೇನ ಬಲಕ್ಕ. ಆದ್ರ ಅವನ ಕೈಯಾಗಿದ್ದ ಚಕ್ರ ಆಗ ಬರೇ ಆಟಿಗಿ ಚಕ್ರ. ಹಿಂದಿನ ಕೋಣಿಯವ್ರು ತಗೊಂಡ ಕೂಡ್ಲೆ ಹಡಗು ಮಾತು ಕೇಳ್ತು, ಯಾಕಂದ್ರ ಮಷೀನು ಕೆಟ್ಟೇ ಇರಲಿಲ್ಲ."

ಗುರುಬಸವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ವೇಗ ಅಷ್ಟ ತಗೋಬೇಕಂತ ಒತ್ತಿದ್ದೆರಿ," ಎಂದ. "ಹೊಸಾ ಪರದಿ. ನಮಗ ಸರಿಯಾಗಿ ಯಾರೂ ಕಲಿಸಿದ್ದಿಲ್ಲ. ಅವ ಚೀರಿದಾಗ್ಲೂ ನನಗ ಹೊಳೀಲಿಲ್ರಿ, ನಾ ಹಿಡಿಕಿ ಹಿಂದಕ್ಕ ಜಗ್ಗಿ ಹಡಗು ನಿಂದ್ರಸಾಕ ನೋಡಾಕತ್ತಿದ್ದೆ. ಗುದ್ದಿದ ಮ್ಯಾಲೆ ನನ್ನ ಪರದೆ ನೋಡಿದೆ. ವೇಗ, ಚುಕ್ಕಾಣಿ ಎರಡೂ ನನ್ನ ಕಡೆ ಬಂದಿದ್ದು ಅದರಾಗ ಕಂಡಿತು. ಅಷ್ಟರಾಗ ಕರೆಂಟು ಹೋತು, ಪರದೆ ಕಪ್ಪಾತು. ಹೇಳಬೇಕಂತ ಬಾಯಿ ತೆಗೆದೆ ಅಮ್ಮಾರ, ದೇವರಾಣಿ ತೆಗೆದೆ. ಸಾಹೇಬ್ರು 'ಮಲ್ಲೇಶ, ಏನು ಮಾಡಿದಿ' ಅಂದ್ರು. ನನ್ನ ಬಾಯಿ ಮುಚ್ಚಿತು. ಅವತ್ತು ಮುಚ್ಚಿದ್ದು ಮತ್ತ ತೆಗೀಲಿಲ್ಲ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಹಂಗಾದ್ರ ಕೇಸು ಮುಗೀತು! ತಪ್ಪೆಲ್ಲಾ ಇವಂದೇ!" ಎಂದು ಎದ್ದುನಿಂತೆ.

"ಕುಂದರ್ರಿ ಸಾಬ್ರ. ಗುದ್ದಿದ ಕೂಡ್ಲೆ ಡ್ರೈವರನ್ನ ಹಿಡಿದು ಬಡಿಯೋ ಮಂದಿಯಂಗ ಮಾಡಬ್ಯಾಡ್ರಿ," ಎಂದರು ಶೇಖರಮ್ಮನವರು. "ಮಂಜು ಬಿದ್ದ ಬಂದರಿನ ಬಾಯಾಗ ಒಬ್ಬ ಹುಡುಗನ ಮ್ಯಾಲೆ ಎರಡು ಕೆಲಸ ಹೇರಿದಾವ ಯಾರು? ಮಗ್ಗಲ ಮೇಜಿಗೆ ಮನುಷ್ಯಾನ್ನ ನಿಂದ್ರಿಸದಾವ ಯಾರು? ತನ್ನ ಹಿಂದ ಯಾರು ಎಲ್ಲಿ ನಿಂತಾರ ಅಂತ ಹೊಳ್ಳಿ ನೋಡದಾವ ಯಾರು? ಹೊಸಾ ಪರದೆ ಹಚ್ಚಿ ಕಲಿಸದೇ ಬಿಟ್ಟಾವ್ರು ಯಾರು? ಹಡಗಿನ ಜವಾಬ್ದಾರಿ ಕಪ್ತಾನನಿಂದ ಶುರುವಾಗತೈತಿ. ಸೋಮವಾರ ಇವಿಷ್ಟನ್ನೂ ಕೇಳಸ್ತೀನಿ, ಹೆಂಗ ಕೇಳಬೇಕಂತ ಬರೆದು ಕೊಡ್ತೀನಿ." ಆಮೇಲೆ ಗುರುಬಸವನ ಕಡೆ ತಿರುಗಿದರು. "ಗುದ್ದಿದ ತಪ್ಪು ಬಾಳ ಮಂದೀದು, ಅದರಾಗ ನಿಂದೂ ಒಂದು ಪಾಲು. ಆದ್ರ ಆಮ್ಯಾಲೆ ಸುಮ್ಮನಿದ್ದದ್ದು, ಈ ಹುಡುಗನ್ನ ಒಪ್ಪಿಕೋ ಅಂದದ್ದು, ಅದು ಪೂರಾ ನಿಂದು. ಅದರಾಗ ಯಾರೂ ಪಾಲು ತಗೊಳ್ಳಂಗಿಲ್ಲ."

ಮಲ್ಲೇಶ ಇದ್ಯಾವುದನ್ನೂ ಕೇಳುತ್ತಿರಲಿಲ್ಲ. ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ನೋಡುತ್ತಿದ್ದ. "ಬೇ," ಎಂದ ತಾಯಿಗೆ, "ನಾ ಬಲಕ್ಕ ತಿರುವಿದ್ದೆ ಬೇ." ಮತ್ತೊಮ್ಮೆ ಅದನ್ನೇ ಹೇಳಿದ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತ. ನಾನೂ ಅತ್ತೆ, ಯಾಕೆ ಸುಳ್ಳು ಹೇಳಲಿ.

ಗಾಳೆಮ್ಮ ಅಳಲಿಲ್ಲ. ಎದ್ದು ಹೋಗಿ ಗುರುಬಸವನ ಮುಂದೆ ನಿಂತರು. ಹೊಡೆಯುತ್ತಾರೆ ಎಂದುಕೊಂಡೆ. ಅವನೂ ಹಾಗೆಯೇ ಅಂದುಕೊಂಡು ಮುಖ ಎತ್ತಿ ಕುಳಿತ.

"ಅಣ್ಣ ಅಂತ ನಿನ್ನ ಕೈಯಾಗ ಕೊಟ್ಟು ಕಳಿಸಿದ್ದೆ," ಎಂದರು. "ಅದು ಇರಲಿ. ನಂದು ನಾ ಹೆಂಗರ ನುಂಗ್ತೀನಿ, ನನ್ನ ಮಗ ಜೀವಂತ ಅದಾನ. ಬಿಜುನ್ನ ಕೊಂದಾವ ನನ್ನ ಮಗ ಅಂತ ಅವನ ತಾಯಿಗೆ ಹೇಳ್ಯಾರ. ಆಕಿಗೆ ಖರೇ ಯಾರು ಹೇಳ್ತೀರಿ?"

ಗುರುಬಸವ ಎದ್ದು ಆಕೆಯ ಎದುರು ನಿಂತ.

"ನಾ ಹೇಳ್ತೀನ್ರಿ," ಎಂದ. "ಸೋಮವಾರ ವಿಚಾರಣಿ ಮುಂದ ಹೇಳ್ತೀನಿ. ಆಮ್ಯಾಲೆ ಅವರೂರಿಗೆ ಹೋಗ್ತೀನಿ. ಬಿಟ್ರ ಹೋಗ್ತೀನಿ, ಜೈಲಿಗೆ ಹಾಕಿದ್ರ ಹೊರಗ ಬಂದ ಮ್ಯಾಲೆ ಹೋಗ್ತೀನಿ. ಹೋಗೋದಂತೂ ಖರೇ."

"ನಾನೂ ಬರ್ತೀನಿ," ಎಂದ ಮಲ್ಲೇಶ, ಮೂಗು ಒರೆಸಿಕೊಳ್ಳುತ್ತ. "ಹಿಡಿಕಿ ಬಿಟ್ಟಾವ ನಾನ ಅಲ್ಲೇನು? ಯಾಕ ಬಿಡ್ತೀನಿ ಅಂತ ಕೇಳ್ಕೊಳ್ಳಲಾರದ ಬಿಟ್ಟೆ. ಅಷ್ಟು ಪಾಲು ನಂದು."

ನನ್ನ ಗೊಂದಲ ಇನ್ನೂ ಪೂರ್ತಿ ಹೋಗಿರಲಿಲ್ಲ. ಆ ಮಡ್‌ಗಾರ್ಡಿನ ಕೈಯನ್ನು ಬೈಯಬೇಕೋ ಬೇಡವೋ ಎಂದು ಇವತ್ತಿಗೂ ನನಗೆ ಬಗೆಹರಿದಿಲ್ಲ. ಶೇಖರಮ್ಮನವರನ್ನು ಕೇಳಿದರೆ, ಮಿರ್ಚಿ ತಣ್ಣಗಾಗುತ್ತದೆ ತಿನ್ನಿ ಎನ್ನುತ್ತಾರೆ.

ಹೊರಡುವ ಹೊತ್ತಿಗೆ ಚೀಲ ಇಳಿಸಿ ಖಾಲಿಯಾದ ಟ್ರೇಲರನ್ನು ಊರೊಳಗೆ ಒಯ್ಯಬೇಕಿತ್ತು. ಇಮಾಮ್‌ಸಾಬ್ ಅಡಗಿದ ಕಡೆಯಿಂದ ಇನ್ನೂ ಬಂದಿರಲಿಲ್ಲ. ಈ ಸಲ ಯಾರೂ ಹೇಳಲಿಲ್ಲ, ಮಲ್ಲೇಶನೇ ಹತ್ತಿ ಸ್ಟೇರಿಂಗ್ ಹಿಡಿದ. ಗುರುಬಸವ ತಲೆ ತಗ್ಗಿಸಿಕೊಂಡು ಹಿಂದೆ ಹೋಗಿ ಟ್ರೇಲರಿನ ಮೂಲೆಯಲ್ಲಿ ಕುಳಿತ.

ಮಲ್ಲೇಶ ಹೊರಳಿ ನೋಡಿದ. ಇಂಜಿನ್ ಶುರು ಮಾಡಿ, ಆ ಸದ್ದಿನ ಮೇಲೆ ಕೇಳುವಂತೆ ಗಟ್ಟಿಯಾಗಿ ಕೂಗಿದ:

"ಇಲ್ಲಿ ಬಂದು ಕುಂದ್ರು, ಅಣ್ಣಾ. ಆದ್ರ ಕೈ ಹಾಕೋದಿದ್ರ ಬಾಯಿ ಬಿಟ್ಟು ಹೇಳು."